ಎಂಬತ್ತು ದಾಟಿದವನ ಆಟ

ಪೋಕರ್ ಟೂರ್ನಮೆಂಟುಗಳಲ್ಲಿ ಚಿಪ್ಸಿನ ದೊಡ್ಡ ರಾಶಿ ಮುಂದಿಟ್ಟುಕೊಂಡು ಆಡಿದ ರಾತ್ರಿಗಳ ನೆನಪು ನನಗೆ ಮಸುಕಾಗಿದೆ. ಚಿಪ್ಸ್ ಕರಗಿ, ಇನ್ನು ನಾಲ್ಕು ಸುತ್ತಿಗಾಗುವಷ್ಟು ಮಾತ್ರ ಉಳಿದಿದ್ದ ಗಂಟೆಗಳು ಮಾತ್ರ ಅಚ್ಚೊತ್ತಿದಂತಿವೆ. ಯಾವ ಎಲೆ ಬಂದಿತ್ತು, ಎಡಗಡೆ ಎಂಥವನು ಕೂತಿದ್ದ, ಅವನು ಎಷ್ಟು ಹೊತ್ತು ಯೋಚಿಸಿದ, ಎಲ್ಲವನ್ನೂ ಈಗಲೂ ಹೇಳಬಲ್ಲೆ. ಆಟಗಾರರು ಆ ಸ್ಥಿತಿಯನ್ನು ಶಾರ್ಟ್ ಸ್ಟ್ಯಾಕ್ ಎನ್ನುತ್ತಾರೆ. ಟೂರ್ನಮೆಂಟಿಗೆ ಕೂತ ಬಹುಪಾಲು ಜನ ಒಂದಲ್ಲ ಒಂದು ಹೊತ್ತಿನಲ್ಲಿ ಅಲ್ಲಿಗೆ ಬಂದೇ ಬರುತ್ತಾರೆ. ನಾನು ಪೋಕರ್ ಕಲಿತದ್ದು ಆ ಹೊತ್ತುಗಳಲ್ಲಿ. ಆದರೆ ಅದರ ಮೊದಲ ಪಾಠ ಆದದ್ದು ಹಾನಗಲ್ ತಾಲ್ಲೂಕಿನ ನಮ್ಮೂರ ಕಟ್ಟೆಯ ಮೇಲೆ, ಪೋಕರ್ ಎಂಬ ಹೆಸರನ್ನೇ ನಾನು ಕೇಳಿರದ ಕಾಲದಲ್ಲಿ.

ನಮ್ಮ ಕಡೆ ಹಬ್ಬ ಎಂದರೆ ಪಂದ್ಯ ಇದ್ದದ್ದೇ. ಪಂಚಮಿಯಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡಿದರೆ ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಿದ್ದರು. ಮಧ್ಯಾಹ್ನ ಶೇಂಗಾ ಉಂಡೆ, ಎಳ್ಳುಂಡೆ ತಿಂದು ಕಟ್ಟೆಯ ಮೇಲೆ ಕಂಬಳಿ ಹಾಸಿದರೆ ಇಸ್ಪೀಟು ಶುರು. ಅಲ್ಲಿ ಎರಡು ಬಗೆಯ ಆಟ ನಡೆಯುತ್ತಿತ್ತು. ಒಂದು ಅಂದರ್-ಬಾಹರ್. ಒಂದು ಎಲೆಯನ್ನು ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಹಣ ಹಚ್ಚುವುದು. ಆಡುವವನು ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ. ಅದರ ಹತ್ತಿರ ಅಪ್ಪ ನಮ್ಮನ್ನು ನಿಲ್ಲಗೊಡುತ್ತಿರಲಿಲ್ಲ. ಇನ್ನೊಂದು ಹದಿಮೂರೆಲೆ ರಮ್ಮಿ, ನೂರೊಂದರ ಆಟ. ನಮ್ಮ ಕಾಕಾ ಅದರಲ್ಲಿ ಪಳಗಿದವರು. ಅವರ ಬೆನ್ನ ಹಿಂದೆ ಕೂತು ಎಲೆ ನೋಡುವುದಕ್ಕೆ ನನಗೆ ಅನುಮತಿ ಇತ್ತು, ಬಾಯಿ ಬಿಡುವಂತಿರಲಿಲ್ಲ ಅಷ್ಟೆ.

ನೂರೊಂದರ ಲೆಕ್ಕ ಸರಳ. ಎಲೆಗಳನ್ನೆಲ್ಲ ಜೋಡಿಸಿ ಶೋ ಮಾಡಿದವನಿಗೆ ಸೊನ್ನೆ. ಉಳಿದವರಿಗೆ ಕೈಯಲ್ಲಿ ಜೋಡಣೆಯಾಗದೆ ಉಳಿದ ಎಲೆಗಳ ಪಾಯಿಂಟು, ಹೆಚ್ಚೆಂದರೆ 80. ಆಟಕ್ಕಿಳಿಯುವ ಮೊದಲೇ ಡ್ರಾಪ್ ಎಂದರೆ 20, ನಡುವೆ ಕೈಬಿಟ್ಟರೆ 40. ಕೂಡುತ್ತ ಹೋಗಿ 101 ಮುಟ್ಟಿದವನು ಎದ್ದು ಹೋಗಬೇಕು. ಇದರಲ್ಲಿ ಒಂದು ಗೆರೆ ಇದೆ. 80 ದಾಟಿದವನಿಗೆ ಡ್ರಾಪ್ ಇಲ್ಲ, ಏಕೆಂದರೆ ಇನ್ನೊಂದು 20 ಸೇರಿದರೆ ಅವನ ಆಟವೇ ಮುಗಿಯಿತು. ಎಂಥ ಎಲೆ ಬಂದರೂ ಅವನು ಆಡಲೇಬೇಕು, ಮತ್ತು ಅದು ಎದುರಿನವರಿಗೂ ಗೊತ್ತಿರುತ್ತದೆ.

ಆಟ ಮುಗಿದು ಮನೆಗೆ ನಡೆಯುವಾಗ ಕಾಕಾ ಒಮ್ಮೆ ಹೇಳಿದ್ದರು: "ತಮ್ಮಾ, ಎಂಬತ್ತು ದಾಟಿದ ಮ್ಯಾಲೆ ನಾವು ಎಲಿ ಆಡೂದಲ್ಲ, ಎಲೀನ ನಮ್ಮನ್ನ ಆಡಸ್ತಾವು. ಅರವತ್ತರಾಗ ಇರ್ತನಾ ವಿಚಾರ ಮಾಡಬೇಕು. ಅರವತ್ತರಾಗ ಎರಡು ಡ್ರಾಪ್ ಉಳದಿರ್ತಾವು. ಆ ಎರಡನ್ನ ಯಾವಾಗ ಖರ್ಚ ಮಾಡ್ತಿ ಅನ್ನೂದ ಆಟ."

ಪೋಕರ್ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ನೌಕರಿಗೆ ಸೇರಿದ ಮೇಲೆ. ಶನಿವಾರ ರಾತ್ರಿ ಗೆಳೆಯರ ಕೋಣೆಯಲ್ಲಿ ಚಾಪೆ ಹಾಸಿ ಟೆಕ್ಸಾಸ್ ಹೋಲ್ಡೆಮ್ ಆಡುತ್ತಿದ್ದೆವು. ಪ್ರತಿಯೊಬ್ಬನಿಗೆ ಮುಚ್ಚಿದ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಒಳ್ಳೆಯ ಐದನ್ನು ಕಟ್ಟಿದವನು ಗೆಲ್ಲುತ್ತಾನೆ. ಎಲೆ ತೋರಿಸದೆಯೂ ಗೆಲ್ಲಬಹುದು, ಎದುರಿನವರೆಲ್ಲ ಕೈಬಿಟ್ಟರೆ ನಡುವೆ ಬಿದ್ದ ಚಿಪ್ಸ್ ನಮ್ಮದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ದಾರಿ.

ಟೂರ್ನಮೆಂಟಿನ ಕಟ್ಟುಪಾಡು ಇನ್ನೂ ಬಿಗಿ. ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಸಮಾನ ಚಿಪ್ಸ್. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಚಿಪ್ಸ್ ಇಡಬೇಕು, ಒಬ್ಬ ಸಣ್ಣ ಬ್ಲೈಂಡ್, ಇನ್ನೊಬ್ಬ ದೊಡ್ಡ ಬ್ಲೈಂಡ್. ಅದರ ಮೇಲೆ ಆ್ಯಂಟಿ ಎಂಬ ಇನ್ನೊಂದು ಕಡ್ಡಾಯ ಪಾಲು. ಇಪ್ಪತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಇವು ಏರುತ್ತಲೇ ಹೋಗುತ್ತವೆ. ಚಿಪ್ಸ್ ಮುಗಿದವನು ಹೊರಗೆ. ಕೊನೆಗೆ ಉಳಿದ ಕೆಲವರಿಗಷ್ಟೇ ಬಹುಮಾನ.

ದೊಡ್ಡ ಟೂರ್ನಮೆಂಟು ಎಂದರೆ ಗೋವಾ. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳಿಗೆ ದಡದಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ರಜೆಗೆ ಊರಿಗೆ ಬಂದಾಗ ಮುಂಡಗೋಡ, ಯಲ್ಲಾಪುರ ದಾಟಿ, ಘಟ್ಟ ಇಳಿದು, ಅಂಕೋಲಾ, ಕಾರವಾರದ ಮೇಲೆ ಹಾದು ಪಣಜಿ ಸೇರುತ್ತಿದ್ದೆ. ಹೀಗೆ ಹೊರಟಿದ್ದ ಒಂದು ಬೆಳಿಗ್ಗೆ ಕಾಕಾ ಕೇಳಿದರು: "ಅಲ್ಲಿ ಡ್ರಾಪ್ ಎಷ್ಟಕ್ಕಪಾ?"

"ಡ್ರಾಪಿಗೆ ಏನೂ ಇಲ್ಲ ಕಾಕಾ. ಆದ್ರ ಸುತ್ತು ಸುತ್ತಿಗೂ ಕೈಯಾಗಿನ್ದು ಕಡಿಮಿ ಆಕ್ಕೋಂತ ಹೋಗತೈತಿ."

"ಹಂಗಾರ ಪುಕ್ಕಟೆ ಅಲ್ಲ ಬಿಡು," ಎಂದರು.

ಅವರು ಒಂದೇ ಮಾತಿನಲ್ಲಿ ಮುಟ್ಟಿದ ಜಾಗಕ್ಕೆ ನಾನು ಪುಸ್ತಕ ಹಿಡಿದು ತಲುಪಿದೆ. 1995ರಲ್ಲಿ ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್, ಟೂರ್ನಮೆಂಟಿನ ಕೊನೆಯ ಹಂತಗಳ ಬಗ್ಗೆ 2005ರಲ್ಲಿ ಒಂದು ಸಂಪುಟ ಹೊರತಂದರು. ಅದರಲ್ಲಿ 'ಎಂ' ಎಂಬ ಅಳತೆಯನ್ನು ವಿವರಿಸುತ್ತಾರೆ. ಅದಕ್ಕೆ ಆ ಹೆಸರು ಬಂದದ್ದು ಪಾಲ್ ಮ್ಯಾಗ್ರಿಯೆಲ್ ಅವರಿಂದ. ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಆಟದಲ್ಲಿ ಹೆಸರಾದ ಗಣಿತಜ್ಞ ಅವರು. ಕೈಯಲ್ಲಿರುವ ಚಿಪ್ಸನ್ನು ಒಂದು ಸುತ್ತಿನ ಖರ್ಚಿನಿಂದ ಭಾಗಿಸಿದರೆ 'ಎಂ' ಸಿಗುತ್ತದೆ. ಏನನ್ನೂ ಆಡದೆ ಸುಮ್ಮನೆ ಕೂತರೆ ಎಷ್ಟು ಸುತ್ತು ಬದುಕಬಹುದು ಎಂಬ ಲೆಕ್ಕ ಅದು. 20ಕ್ಕಿಂತ ಹೆಚ್ಚಿದ್ದರೆ ಹಸಿರು ವಲಯ, 10ರಿಂದ 20 ಹಳದಿ, 6ರಿಂದ 10 ಕಿತ್ತಳೆ, ಅದಕ್ಕಿಂತ ಕೆಳಗೆ ಕೆಂಪು.

ಬ್ಲೈಂಡುಗಳು 500 ಮತ್ತು 1000, ಇಡೀ ಮೇಜಿಗೆ ಒಟ್ಟು ಆ್ಯಂಟಿ 1000 ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 2500 ಹೋಗುತ್ತದೆ. ಕೈಯಲ್ಲಿ 10,000 ಇದ್ದರೆ ನಾಲ್ಕು ಸುತ್ತು. ಒಂಬತ್ತು ಜನರ ಮೇಜಿನಲ್ಲಿ ನಾಲ್ಕು ಸುತ್ತು ಎಂದರೆ 36 ಕೈ, ನಡುವೆ ಬ್ಲೈಂಡ್ ಏರಿದರೆ ಅಷ್ಟೂ ಇಲ್ಲ. ಎಕ್ಕದ ಜೋಡಿ ಬರುವುದು ಸರಾಸರಿ 221 ಕೈಗೆ ಒಮ್ಮೆ. ಪಣಜಿಯ ಒಂದು ರಾತ್ರಿ ನನ್ನ ಪಕ್ಕದಲ್ಲಿ ಅಂಥ ಎಲೆಗೇ ಕಾಯುತ್ತಿದ್ದ ಹಿರಿಯ ವ್ಯಾಪಾರಿಯೊಬ್ಬರು ಇದ್ದರು. ಎಲೆಯ ಅಂಚು ಎತ್ತಿ ನೋಡುವುದು, ಎಸೆಯುವುದು, ಮತ್ತೆ ಕೈಕಟ್ಟಿ ಕೂರುವುದು. ಅವರ ತಾಳ್ಮೆಯನ್ನು ಮೇಜಿನವರೆಲ್ಲ ಮೆಚ್ಚಿಕೊಂಡರು. ಕೊನೆಗೆ ಅವರಿಗೆ ರಾಣಿಯ ಜೋಡಿ ಬಂತು. ಆ ಹೊತ್ತಿಗೆ ಅವರ ಬಳಿ ಉಳಿದದ್ದು 3000. ಅಷ್ಟನ್ನೂ ಮುಂದೆ ತಳ್ಳಿದರು. ದೊಡ್ಡ ಬ್ಲೈಂಡಿನವನು ಎಲೆಯನ್ನೇ ನೋಡದೆ 'ಕಾಲ್' ಎಂದು ಪಂಥಕ್ಕೆ ಒಪ್ಪಿದ. ಅವನು ಮಾಡಿದ್ದು ಸರಿಯಾದ ಲೆಕ್ಕ. 2000 ಹಾಕಿದರೆ ಗೆಲ್ಲುವ ಮೊತ್ತ 5500, ಅಂದರೆ ನೂರಕ್ಕೆ 27ರಷ್ಟು ಅವಕಾಶವಿದ್ದರೂ ಅವನಿಗೆ ನಷ್ಟವಿಲ್ಲ. ಹಿರಿಯರ ರಾಣಿಯರು ಗೆದ್ದರು. ಆದರೆ ಗೆದ್ದ ಮೇಲೂ ಅವರ ಚಿಪ್ಸ್ ಆ ರಾತ್ರಿ ಒಂದು ಗಂಟೆ ಮುಂಚೆ ಇದ್ದಷ್ಟು ಆಗಲಿಲ್ಲ.

ಬ್ಲೈಂಡುಗಳಿಗೆ ಹೋದ ಚಿಪ್ಸ್ ಎಷ್ಟೆಂದು ಅವರಿಗೂ ಗೊತ್ತಿತ್ತು. ಎದುರಿನವರು ಅವರ ಪಂಥಕ್ಕೆ ಅಂಜುವುದನ್ನು ಬಿಟ್ಟಿದ್ದರು ಎಂಬುದೇ ದೊಡ್ಡ ನಷ್ಟ. 10,000 ಇದ್ದವನು ಆಲ್ ಇನ್ ಎಂದು ಅಷ್ಟನ್ನೂ ತಳ್ಳಿದರೆ ಎದುರಿನವನು ಒಮ್ಮೆ ಉಸಿರು ಹಿಡಿದು ಯೋಚಿಸಬೇಕಾಗುತ್ತದೆ, ಸೋತರೆ ಅವನ ರಾಶಿಗೂ ಪೆಟ್ಟು. ಆ ಯೋಚನೆಯಲ್ಲೇ ಸಣ್ಣವನ ಬಲವಿದೆ. ಹತ್ತರಲ್ಲಿ ಆರು ಸಲ ಎಲ್ಲರೂ ಕೈಬಿಟ್ಟರೆ ಆ 2500 ನನ್ನದು. ಉಳಿದ ನಾಲ್ಕು ಸಲ ದೊಡ್ಡ ಬ್ಲೈಂಡಿನವನು ಎದುರು ನಿಂತು, ಆಗ ನನಗೆ ನೂರಕ್ಕೆ 35ರಷ್ಟೇ ಅವಕಾಶ ಎಂದಿಟ್ಟರೂ, ಒಟ್ಟು ಲೆಕ್ಕದಲ್ಲಿ ಪ್ರತಿ ಸಲ ಸುಮಾರು 500 ಚಿಪ್ಸ್ ಲಾಭ. ಎಲೆ ಸಾಧಾರಣವಾಗಿದ್ದರೂ ಲಾಭ. ಅದೇ ಎಲೆ ಹಿಡಿದು 3000ಕ್ಕೆ ಇಳಿದ ಮೇಲೆ ತಳ್ಳಿದರೆ ಯಾರೂ ಕೈಬಿಡುವುದಿಲ್ಲ. ಎಂಬತ್ತು ದಾಟಿದ ಮೇಲೆ ಎಲೆಗಳೇ ಆಡಿಸುತ್ತವೆ ಎಂದು ಕಾಕಾ ಹೇಳಿದ್ದು ಈ ಸ್ಥಿತಿಯನ್ನೇ.

ಅದೇ ರಾತ್ರಿ ನನ್ನ ಸರದಿಯೂ ಬಂತು. ಹತ್ತು ಬ್ಲೈಂಡಿನಷ್ಟು ಚಿಪ್ಸ್, ಎಲೆ ಹಂಚುವ ಸರದಿಯ ಗುರುತಾದ ಬಟನ್ ನನ್ನ ಮುಂದೆ, ಮೊದಲಿನವರೆಲ್ಲ ಕೈಬಿಟ್ಟಿದ್ದರು. ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಐದು. ಎಲೆ ಎತ್ತುವ ಮೊದಲೇ ಎಡಗಡೆಯ ಇಬ್ಬರನ್ನು ನೋಡಿ ಇಟ್ಟುಕೊಂಡಿದ್ದೆ. ಸಣ್ಣ ಬ್ಲೈಂಡಿನವನು ಎಚ್ಚರದ ಆಸಾಮಿ. ದೊಡ್ಡ ಬ್ಲೈಂಡಿನವನಿಗೆ ರಾಶಿ ಇತ್ತು, ಆದರೆ ಹಿಂದಿನ ಕೈಯಲ್ಲಿ ಪೆಟ್ಟು ತಿಂದಿದ್ದ. ಆಲ್ ಇನ್ ಎಂದೆ. ಮೊದಲನೆಯವನು ತಕ್ಷಣ ಬಿಟ್ಟ. ಎರಡನೆಯವನು ನನ್ನ ಚಿಪ್ಸನ್ನು ಎಣಿಸಿ ತೋರಿಸಲು ಡೀಲರಿಗೆ ಹೇಳಿದ, ಬಹಳ ಹೊತ್ತು ಕೂತ, ಕೊನೆಗೆ ರಾಜ-ಗುಲಾಮನನ್ನು ತೆರೆದು ತೋರಿಸಿ ಎಸೆದ. ಮುಂದಿನ ಸುತ್ತಿನಲ್ಲಿ ಎಂಟರ ಜೋಡಿಯೊಂದಿಗೆ ಮತ್ತೆ ತಳ್ಳಿದೆ. ಈ ಸಲ ಎಕ್ಕ-ರಾಣಿ ಹಿಡಿದವನು ಎದುರು ನಿಂತ. ಅದು ಸರಿಸುಮಾರು ಸಮಬಲದ ಹೋರಾಟ, ಎಂಟುಗಳು ಉಳಿದುಕೊಂಡವು. ಅಂದು ಫೈನಲ್ ಟೇಬಲ್‌ವರೆಗೆ ಹೋದೆ. ಹೊರಬಿದ್ದದ್ದು ಎಕ್ಕ-ರಾಜ ಹಿಡಿದು, ರಾಣಿಯ ಜೋಡಿಯ ಎದುರು. ಅಲ್ಲಿ ಜೋಡಿಗೆ ನೂರಕ್ಕೆ 57, ನನಗೆ 43. ಆ ಎಲೆಯನ್ನು ಇವತ್ತು ಕೊಟ್ಟರೂ ಹಾಗೆಯೇ ಆಡುತ್ತೇನೆ.

ಚಿಪ್ಸಿಗೆ ಬಲ ಇರುವಾಗಲೇ ತಳ್ಳುವ ಈ ಲೆಕ್ಕದಲ್ಲಿ ನನಗೆ ಅಪ್ಪನ ಕೂರಿಗೆ ಕಾಣುತ್ತದೆ. ನಮ್ಮ ಭಾಗದ ಮಳೆಯಾಶ್ರಿತ ಗದ್ದೆಗಳಲ್ಲಿ ಭತ್ತವನ್ನು ಸಸಿ ಮಾಡಿ ನೆಡುವುದಕ್ಕಿಂತ ಕೂರಿಗೆಯಿಂದ ಬಿತ್ತುವುದೇ ಹಳೆಯ ರೂಢಿ. ಮುಂಗಾರು ಪೂರ್ತಿ ಹಿಡಿಯುವ ಮೊದಲೇ, ಹದ ನೋಡಿ ಬೀಜ ನೆಲಕ್ಕೆ ಹೋಗಬೇಕು. ಮಳೆ ಗಟ್ಟಿಯಾದ ಮೇಲೆ ಬಿತ್ತುತ್ತೇನೆ ಎಂದರೆ ನೆಲ ಕೆಸರಾಗಿ ಕೂರಿಗೆ ಓಡುವುದಿಲ್ಲ. ಬೀಜ ಸ್ವಲ್ಪವೇ ಇದ್ದ ವರ್ಷಗಳಲ್ಲೂ ಅಪ್ಪ ಹದ ತಪ್ಪಿಸಿದ್ದನ್ನು ನಾನು ಕಾಣೆ. ಸ್ವಲ್ಪವೇ ಇದೆ ಎಂಬ ಕಾರಣಕ್ಕೇ ತಪ್ಪಿಸುತ್ತಿರಲಿಲ್ಲ.

ಮಳೆಯ ಮಾತು ಬಂದಾಗ ವಿರಾಟಪರ್ವವೂ ನೆನಪಾಗುತ್ತದೆ. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ಅದನ್ನು ಓದಿಸುವುದು ನಮ್ಮ ನಾಡಿನ ಪದ್ಧತಿ. ಹಾನಗಲ್ಲಿನವರಿಗೆ ಅದು ಮನೆಯ ಕಥೆಯೂ ಹೌದು. ಪಾನುಂಗಲ್ ಎಂಬ ಹೆಸರಿನ ಜೊತೆಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಶಾಸನಗಳಲ್ಲಿ ಈ ಊರಿಗಿವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ನಮ್ಮ ಹಿರಿಯರು ನಂಬಿದ್ದರು, ಕುಂತಿಯ ದಿಬ್ಬವನ್ನು ತೋರಿಸುತ್ತಿದ್ದರು. ಜೂಜಿನಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತ ಧರ್ಮರಾಯ ಈ ಊರಿಗೆ ಬಂದದ್ದು ಕಂಕಭಟ್ಟನಾಗಿ, ವಿರಾಟರಾಯನ ಜೊತೆ ಪಗಡೆಯಾಡುವ ಸಂಗಾತಿಯಾಗಿ. ಕಾಡಿನಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳಿ ದಾಳದ ವಿದ್ಯೆಯನ್ನು ಕೊಟ್ಟಿದ್ದ. ಹಸ್ತಿನಾಪುರದಲ್ಲಿ ವಿದ್ಯೆ ಇಲ್ಲದೆ ಆಡಿದವನು ಇಲ್ಲಿಗೆ ವಿದ್ಯೆ ಹೊತ್ತು ಬಂದಿದ್ದ.

ಚಿಕ್ಕಂದಿನಲ್ಲಿ ಈ ಕಥೆಯ ಒಂದು ಜಾಗ ನನಗೆ ಸಹಿಸಲಾಗುತ್ತಿರಲಿಲ್ಲ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ, ಸಿಟ್ಟಿಗೆದ್ದ ಭೀಮನನ್ನು ಧರ್ಮರಾಯ ಸನ್ನೆಯಲ್ಲೇ ತಡೆಯುತ್ತಾನೆ. ಅದು ಹೇಡಿತನವೆಂದು ನನಗೆ ಅನಿಸುತ್ತಿತ್ತು. ಸಣ್ಣ ರಾಶಿ ಹಿಡಿದು ಆಡುತ್ತ ಆಡುತ್ತ ಅವನ ತಡೆಯ ಹಿಂದಿನ ಲೆಕ್ಕ ನನಗೆ ಕಾಣತೊಡಗಿತು. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಆ ಕಾಯುವಿಕೆಗೆ ಒಂದು ಕೊನೆಯ ದಿನವಿತ್ತು, ಮತ್ತು ಅದು ಅವನಿಗೆ ಗೊತ್ತಿತ್ತು. ಗೋಗ್ರಹಣದ ದಿನ ಅರ್ಜುನನ ಬಿಲ್ಲಿನ ದನಿ ಕೇಳಿ ದುರ್ಯೋಧನ ಅವಧಿ ಮುಗಿದಿಲ್ಲವೆಂದು ವಾದಿಸಿದಾಗ, ಭೀಷ್ಮರು ಐದು ವರ್ಷಕ್ಕೆ ಎರಡು ಅಧಿಕಮಾಸದಂತೆ ಕೂಡಿ, ಹದಿಮೂರು ವರ್ಷಕ್ಕಿಂತ ಐದು ತಿಂಗಳು ಹನ್ನೆರಡು ದಿನ ಹೆಚ್ಚೇ ಆಗಿದೆ ಎಂದು ತೋರಿಸುತ್ತಾರೆ. ಲೆಕ್ಕವಿಟ್ಟು ಕಾದವರ ಬಿಲ್ಲಿನ ದನಿ ಅದು. ಲೆಕ್ಕವಿಲ್ಲದೆ ಕೂರುವುದಕ್ಕೂ ಹೀಗೆ ಕಾಯುವುದಕ್ಕೂ ನೋಡಲು ವ್ಯತ್ಯಾಸ ಕಾಣದು, ಇಬ್ಬರೂ ಸುಮ್ಮನೇ ಕೂತಿರುತ್ತಾರೆ.

ಲೆಕ್ಕ ಎಂದರೆ ಸದಾ ಮುನ್ನುಗ್ಗುವುದಲ್ಲ. ಬಹುಮಾನಕ್ಕೆ ಇನ್ನು ಒಬ್ಬನೇ ಹೊರಬೀಳಬೇಕಿರುವ ಹಂತಕ್ಕೆ ಬಬಲ್ ಎನ್ನುತ್ತಾರೆ. ಆಗ ಗೆಲ್ಲುವ ಚಿಪ್ಸಿಗಿಂತ ಕಳೆದುಕೊಳ್ಳುವ ಚಿಪ್ಸಿನ ಬೆಲೆ ಹೆಚ್ಚು. ರಾಶಿ ಎರಡರಷ್ಟಾದರೆ ಸಿಗಬಹುದಾದ ಹಣ ಎರಡರಷ್ಟಾಗುವುದಿಲ್ಲ, ಆದರೆ ಚಿಪ್ಸ್ ಸೊನ್ನೆಯಾದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನನಗಿಂತ ಬಡವನೊಬ್ಬ ಪಕ್ಕದ ಮೇಜಿನಲ್ಲಿ ಮುಂದಿನ ಕೈಗೇ ಬ್ಲೈಂಡ್ ಕಟ್ಟಬೇಕಾದಾಗ, ನಾನು ಹತ್ತರ ಜೋಡಿಯನ್ನು ಎಸೆದದ್ದುಂಟು. ನನ್ನ ಮುಂದೆ ದೊಡ್ಡ ರಾಶಿಯವನು ಆಗಲೇ ಆಲ್ ಇನ್ ಎಂದಿದ್ದ. ಬೇರೆ ಹೊತ್ತಿನಲ್ಲಿ ಹತ್ತರ ಜೋಡಿಯನ್ನು ಹಾಗೆ ಎಸೆಯುವವನಲ್ಲ ನಾನು.

ಪೋಕರಿನವರು ಹೇಳಿಕೊಳ್ಳುವ ದೊಡ್ಡ ಕಥೆ ಜ್ಯಾಕ್ ಸ್ಟ್ರಾಸ್‌ನದು. 1982ರಲ್ಲಿ ಲಾಸ್ ವೇಗಸ್‌ನ ವಿಶ್ವ ಸರಣಿಯಲ್ಲಿ ಅವನು ಒಂದೇ ಒಂದು 500ರ ಚಿಪ್ಪಿಗೆ ಇಳಿದಿದ್ದ. ಅಲ್ಲಿಂದ ಎದ್ದು 104 ಜನರ ಆ ಪಂದ್ಯವನ್ನು ಗೆದ್ದ, 5,20,000 ಡಾಲರ್ ಪಡೆದ. ಒಂದು ಚಿಪ್ಪು, ಒಂದು ಕುರ್ಚಿ ಇದ್ದರೆ ಸಾಕು ಎಂಬ ಮಾತು ಅವನ ಹೆಸರಿನೊಂದಿಗೆ ಅಂಟಿಕೊಂಡಿದೆ. ನನಗೆ ಈ ಕಥೆ ಇಷ್ಟ, ಆದರೆ ಇದನ್ನು ಯಾರಿಗೂ ಪಾಠವಾಗಿ ಹೇಳುವುದಿಲ್ಲ. ಅಂಥ ಸ್ಥಿತಿಗೆ ಇಳಿದ ಲೆಕ್ಕವಿಲ್ಲದಷ್ಟು ಜನ ಎದ್ದು ಮನೆಗೆ ಹೋಗಿದ್ದಾರೆ, ಅವರ ಕಥೆ ಯಾರೂ ಹೇಳುವುದಿಲ್ಲ.

ಅಪ್ಪನಿಗೆ ಇಸ್ಪೀಟಿನ ಭಯವಿತ್ತು. ಅಂದರ್-ಬಾಹರ್‌ನಲ್ಲಿ ಹೊಲ ಕಳೆದುಕೊಂಡವರನ್ನು ಅವರು ಕಣ್ಣಾರೆ ಕಂಡವರು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ ಎಂದೂ, ಕೌಶಲದ ಆಟವಾಗಿ ಪೋಕರ್ ಆಡಲು ಪರವಾನಗಿ ಬೇಕಿಲ್ಲವೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದೆ ಎಂದೂ ವಿವರಿಸಿದೆ. ಅವರು ಕೇಳಿಸಿಕೊಂಡು, "ಆಟ ಕಲೀ. ಆಟದ ಮ್ಯಾಲೆ ಮನಿ ಕಟ್ಟಬ್ಯಾಡ," ಎಂದರು. ಮುಂದೆ ಕಾನೂನು ಹಲವು ಸಲ ಹೊರಳಿತು. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ಇಡೀ ದೇಶದಲ್ಲಿ ನಿಷೇಧಿಸುವ ಕಾನೂನು ಮಾಡಿತು.

ಅಪ್ಪನ ಮಾತು ಇವೆಲ್ಲಕ್ಕಿಂತ ಬೇರೆಯದೇ ಪ್ರಶ್ನೆ ಕೇಳುತ್ತದೆ ಎಂದು ನನಗೆ ಅನಿಸುತ್ತದೆ. ಕೌಶಲದ ಆಟದಲ್ಲೂ ಮನುಷ್ಯ ಮುಳುಗಬಲ್ಲ. ನಾನು ಟೂರ್ನಮೆಂಟನ್ನೇ ಆರಿಸಿಕೊಂಡದ್ದು ಅದಕ್ಕೇ. ಮರುಪ್ರವೇಶ ಕೊಳ್ಳದಿದ್ದರೆ ಅಲ್ಲಿ ಹೋಗುವುದು ಪ್ರವೇಶ ಶುಲ್ಕದಷ್ಟೇ, ಅದನ್ನು ಮನೆ ಬಿಡುವ ಮೊದಲೇ ಖರ್ಚಿನಲ್ಲಿ ಬರೆದಿರುತ್ತೇನೆ. ಜೇಬಿನಿಂದ ಹಣ ತೆಗೆದು ಚಿಪ್ಸಿನ ರಾಶಿಯನ್ನು ದೊಡ್ಡದು ಮಾಡಿಕೊಳ್ಳುವ ದಾರಿ ಇಲ್ಲದಿದ್ದಾಗಲೇ, ಉಳಿದಿರುವುದನ್ನು ಹೇಗೆ ಬಳಸಬೇಕು ಎಂಬ ವಿಚಾರಕ್ಕೆ ಬಲ ಬರುತ್ತದೆ.

ರಜೆಗೆ ಊರಿಗೆ ಹೋದಾಗ ಈಗ ಅಣ್ಣನ ಮಕ್ಕಳು ಕಲಿಸು ಎಂದು ಗಂಟು ಬೀಳುತ್ತಾರೆ. ಹುಣಸೆಬೀಜವನ್ನೇ ಚಿಪ್ಸ್ ಮಾಡಿಕೊಂಡು ಕೂರುತ್ತೇವೆ, ಹಣದ ಮಾತಿಲ್ಲ. ಸಮಾನ ರಾಶಿ ಕೊಟ್ಟು ಶುರು ಮಾಡುವುದು ವಾಡಿಕೆ. ನಾನು ಮಾತ್ರ ಕಲಿಯುವವನಿಗೆ ಹತ್ತು ಬ್ಲೈಂಡಿನಷ್ಟು ಕೊಟ್ಟು, ಉಳಿದವರಿಗೆ ಐವತ್ತು ಕೊಡುತ್ತೇನೆ. ಎಲೆ ಎತ್ತುವ ಮೊದಲು ಅವನು ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಇನ್ನೆಷ್ಟು ಸುತ್ತು ಉಳಿದಿದೆ? ನಿನ್ನ ಪಂಥಕ್ಕೆ ಯಾರು ಇನ್ನೂ ಅಂಜುತ್ತಾರೆ? ನಿನಗಿಂತ ಕಡಿಮೆ ಇರುವವರು ಯಾರು? ಉತ್ತರ ಸಿಕ್ಕ ಮೇಲೆ ಎಲೆ ನೋಡಿ ತಳ್ಳಲಿ, ಇಲ್ಲವೇ ಬಿಡಲಿ. ಹೀಗೆ ಆಡಿಯೂ ಅವರು ಬಹಳ ಸಲ ಸೋಲುತ್ತಾರೆ, ಕಡಿಮೆ ಇರುವವರ ಪಾಲಿಗೆ ಸೋಲು ಹೆಚ್ಚೇ. ಆದರೆ ಹೊರಬಿದ್ದ ಕೈ ಯಾವುದು, ಅದನ್ನೇ ಯಾಕೆ ಆರಿಸಿದೆ ಎಂದು ಕೇಳಿದರೆ ಅವರ ಹತ್ತಿರ ಉತ್ತರ ಇರುತ್ತದೆ. ನಾನು ಕಲಿಸಬೇಕೆಂದು ಹೊರಟದ್ದು ಅಷ್ಟನ್ನೇ.